ಠಾಣೆಯೊಳಗಣ ಮಾತಿಗೆ ಸಾಕ್ಷಿ ಬೇಕು

ಕೊಲೆಯಾದಳೆಂದು ಪೋಲೀಸಿನವರು ತೀರ್ಮಾನಿಸಿದ್ದ ಹೆಂಗಸೊಬ್ಬಳು 2025ರ ಏಪ್ರಿಲಿನಲ್ಲಿ ಮಡಿಕೇರಿಯಲ್ಲಿ ಜೀವಂತಳಾಗಿ ಕಾಣಿಸಿಕೊಂಡಳು. ಅವಳನ್ನು ಕೊಂದನೆಂಬ ಆರೋಪಕ್ಕೆ ಗುರಿಯಾಗಿದ್ದ ಕೊಡಗಿನ ಬಡ ಕೂಲಿಗಾರನಾದ ಗಂಡನು ಅಷ್ಟರೊಳಗೆ ವರ್ಷಕ್ಕೂ ಮೀರಿ ಸೆರೆಮನೆಯಲ್ಲಿ ಕಳೆದಿದ್ದನು. ಮೈಸೂರಿನ ಸೆಷನ್ಸ್ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿ, 1 ಲಕ್ಷ ರೂಪಾಯಿಗಳ ಪರಿಹಾರಕ್ಕೆ ಆಜ್ಞಾಪಿಸಿತು.

ಇದು ಕೊಡಗಿನ ಸಂಗತಿ, ನಮಗೇನು ಎಂದು ಚಿತ್ರದುರ್ಗದ ಮಹಾಜನರು ಸುಮ್ಮನಿರಲಾಗದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಠಾಣೆಗಳಿಗೂ ಅದೇ ಕಾನೂನು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮಿನಂತೆ ಪೋಲೀಸಿನವರು ಮನೆ ಶೋಧಿಸುವಾಗ ದೃಶ್ಯ, ಧ್ವನಿಗಳೆರಡನ್ನೂ ದಾಖಲಿಸಲೇಬೇಕು. ಆದರೆ ಸಂಶಯಿತನ ವಿಚಾರಣೆಗೆ ಅಂತಹ ಕಡ್ಡಾಯವಿಲ್ಲ. ಪೆಟ್ಟಿಗೆಯ ಬೀಗ ತೆಗೆಸುವುದಕ್ಕೆ ಸಾಕ್ಷಿ ಬೇಕು. ಮನುಷ್ಯನ ಬಾಯಿ ತೆಗೆಸುವುದಕ್ಕೆ ಬೇಡವೆ?

ಪೋಲೀಸರ ಮುಂದಿನ ತಪ್ಪೊಪ್ಪಿಗೆಯು 1872ರ ಕಾನೂನಿನ ಕಾಲದಿಂದಲೂ ಸಾಕ್ಷ್ಯವಲ್ಲ, ಆದುದರಿಂದ ಭಯವಿಲ್ಲ ಎನ್ನುವವರುಂಟು. ಆದರೆ ಆಪಾದಿತನು ನುಡಿದ ಮಾತಿನಿಂದ ವಸ್ತುವೊಂದು ಪತ್ತೆಯಾದರೆ ಆ ಮಾತಿನಷ್ಟು ಭಾಗವನ್ನು ಕಾನೂನು ಒಪ್ಪುತ್ತದೆ. ಬಲಾತ್ಕಾರದ ಆಸೆಗೆ ಬಾಗಿಲು ಅಲ್ಲಿಯೇ ತೆರೆದಿದೆ.

ಪ್ರತಿ ಠಾಣೆಯಲ್ಲಿಯೂ ಧ್ವನಿಸಹಿತವಾದ ಕ್ಯಾಮರಾಗಳನ್ನಿಡಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ವಿಧಿಸಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯವು ಕ್ಯಾಮರಾಗಳ ದುಃಸ್ಥಿತಿಯನ್ನು ತಾನಾಗಿ ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು. ಗೋಡೆಯ ಕ್ಯಾಮರಾವೊಂದನ್ನೇ ನಂಬಿ ಫಲವಿಲ್ಲ; ವಿಚಾರಣೆಯ ದಾಖಲೆಯು ಮೊಕದ್ದಮೆಯ ಕಡತದ ಅಂಗವೇ ಆಗಬೇಕು.

ಖರ್ಚಿನ ಮಾತನ್ನು ನಾವು ಒಪ್ಪೆವು. ಶೋಧನೆಯನ್ನು ಚಿತ್ರಿಸುವ ಮೊಬೈಲೇ ವಿಚಾರಣೆಯನ್ನೂ ಚಿತ್ರಿಸಬಲ್ಲದು. 1984ರ ಶಾಸನದ ತರುವಾಯ ಇಂಗ್ಲೆಂಡಿನಲ್ಲಿ ಇಂತಹ ಧ್ವನಿಮುದ್ರಣವು ರೂಢಿಗೆ ಬಂದಿತು. ಅಲ್ಲಿನ ಪೋಲೀಸಿನ ಕೆಲಸವೇನೂ ನಿಲ್ಲಲಿಲ್ಲ. ಪ್ರಾಮಾಣಿಕ ಅಧಿಕಾರಿಗೂ ಸುಳ್ಳು ದೂರಿನಿಂದ ಇದೇ ರಕ್ಷೆ.

ಆದುದರಿಂದ ಮೊದಲ ಪ್ರಶ್ನೆಯಿಂದ ಕೊನೆಯ ಉತ್ತರದವರೆಗೆ ದಾಖಲಿಸಿ, ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವಾಗಲೇ ಅದುವರೆಗಿನ ಪ್ರತಿಯನ್ನು ಅವರಿಗೆ ಒಪ್ಪಿಸುವಂತೆ ಸರಕಾರದವರು ನಿಯಮ ಮಾಡಬೇಕು. ನಾಲ್ಕೂ ಊರುಗಳ ವಕೀಲರೂ ಪುರಪ್ರಮುಖರೂ ಇದಕ್ಕಾಗಿ ಮನವಿ ಸಲ್ಲಿಸಲೆಂದು ಪ್ರಾರ್ಥಿಸುತ್ತೇವೆ. ಕಳೆದ ಸೆರೆವಾಸದ ದಿನಗಳನ್ನು ಯಾವ ಪರಿಹಾರಧನವೂ ಮರಳಿ ತರಲಾರದು.