ಆರು ಚಕ್ರ, ಮೂರು ಆಕ್ಸಲ್
ಹಳೇ ಮಿಲಿಟರಿ ಜೀಪಿನ ಹಿಂದೆ ಇನ್ನೊಂದು ಆಕ್ಸಲ್ ಬೆಸೆದರೆ ಅದು ಸಿಕ್ಸ್ ವೀಲ್ ಡ್ರೈವ್ ಆಗುವುದಿಲ್ಲ. ಚಕ್ರ ಆರಾಗುತ್ತದೆ, ಅಷ್ಟೇ. ಎಂಜಿನ್ನಿನ ಕಸುವನ್ನು ಕೊನೆಯ ಆಕ್ಸಲ್‌ವರೆಗೆ ಒಯ್ಯುವುದೇ ನಿಜವಾದ ತಲೆನೋವು. ಎರಡನೇ ಮಹಾಯುದ್ಧದಲ್ಲಿ ಓಡಿದ ಅಮೆರಿಕದ ಜಿಎಂಸಿ ಲಾರಿಯಲ್ಲಿ ಆ ಕಸುವನ್ನು ಒಯ್ಯುವ ಶಾಫ್ಟು ನಡು ಆಕ್ಸಲ್‌ನ ನೆತ್ತಿಗೆ ಕೂರಿಸಿದ ಬೇರಿಂಗ್ ಮೂಲಕ ಹಾದು ಹಿಂದಕ್ಕೆ ಹೋಗುತ್ತಿತ್ತು. ಸರಳ, ಗಟ್ಟಿ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಸೇನೆಗಾಗಿ ಲ್ಯಾಂಡ್ ರೋವರ್ 110ನ್ನು ಉದ್ದ ಮಾಡಿ ಆರು ಚಕ್ರದ ‘ಪೆರೆಂಟಿ’ ಕಟ್ಟಿದವರು ಹಿಂದಿನೆರಡು ಆಕ್ಸಲ್‌ಗೆ ಕಾಯಿಲ್ ಬಿಟ್ಟು ಲೀಫ್ ಸ್ಪ್ರಿಂಗ್ ಹಾಕಿದರು, 3.9 ಲೀಟರ್ ಇಸುಜು ಡೀಸೆಲ್‌ಗೆ ಟರ್ಬೊ ಸೇರಿಸಿದರು. ಹೊರುವ ಭಾರ ಒಂದು ಟನ್ನಿನಿಂದ ಎರಡಕ್ಕೇರಿತು. ಗ್ಯಾರೇಜಿನಲ್ಲಿ ಈ ಸಾಹಸಕ್ಕೆ ಕೈ ಹಾಕುವವರು ಮೂರೂ ಡಿಫರೆನ್ಷಿಯಲ್‌ಗಳ ಗೇರ್ ಅನುಪಾತ ಒಂದೇ ಇದೆಯೇ ಎಂದು ಮೊದಲು ಎಣಿಸಿ ನೋಡಲಿ. ಇಲ್ಲದಿದ್ದರೆ ಟಾರು ರಸ್ತೆಯಲ್ಲೇ ಗೇರಿನ ಹಲ್ಲು ಉದುರೀತು.