ರೆಟ್ರೊ ಶೂಗೆ ಕೊಡುವ ದುಡ್ಡು ಯಾವುದಕ್ಕೆ?

ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆ. ಈ ಮೂರರಲ್ಲಿ ಯಾವ ಬಸ್‌ಸ್ಟ್ಯಾಂಡಿನಲ್ಲಾದರೂ ಕಾಲೇಜು ಬಿಡುವ ಹೊತ್ತಿಗೆ ನಿಂತು ಮಕ್ಕಳ ಕಾಲು ನೋಡಿ. ಒಂದು ಜೋಡಿ ಏರ್ ಜೋರ್ಡನ್ ಕಂಡೇ ಕಾಣುತ್ತದೆ. ಹೆಚ್ಚಿನವು ಫಸ್ಟ್ ಕಾಪಿ, ವಾಟ್ಸಾಪ್ ಸ್ಟೇಟಸ್ ನೋಡಿ ಎರಡು ಸಾವಿರದ ಆಸುಪಾಸಿನಲ್ಲಿ ತರಿಸಿದ್ದು. ಅಪರೂಪಕ್ಕೆ ಒಂದು ದುಬೈಯಿಂದಲೋ ಮಸ್ಕತ್ತಿನಿಂದಲೋ ಮಾವ ತಂದದ್ದು ಇರುತ್ತದೆ. ಅದರ ಯಜಮಾನ ಕೇಳುವ ಮೊದಲೇ ಹೇಳುತ್ತಾನೆ: "ಅಣ್ಣ, ಇದು ಒರಿಜಿನಲ್."

ನನ್ನ ತಕರಾರು ಆ ಶಬ್ದದ ಮೇಲೆ. ಅದು ಕಂಪನಿ ಮಾಲು ಹೌದು, ಒರಿಜಿನಲ್ ಅಲ್ಲ. ಅದು ರೆಟ್ರೊ. ಕಂಪನಿಯೇ ಮಾಡಿದ ಕಾಪಿ ಅಂದರೂ ತಪ್ಪಿಲ್ಲ.

ಒರಿಜಿನಲ್ ಅಂದರೆ 1985ರಲ್ಲಿ ನೈಕಿ ಕಂಪನಿ ಮೈಕೆಲ್ ಜೋರ್ಡನ್ ಹೆಸರಿನಲ್ಲಿ 65 ಡಾಲರಿಗೆ ಮಾರಿದ ಬಾಸ್ಕೆಟ್‌ಬಾಲ್ ಶೂ. ಅಂಗಳದಲ್ಲಿ ಆಡಲಿಕ್ಕೆಂದೇ ಮಾಡಿದ್ದು. 1994ರಲ್ಲಿ ಅದನ್ನೇ ಮತ್ತೆ ಹೊರತಂದರು, ಅಲ್ಲಿಂದ ರೆಟ್ರೊ ವ್ಯಾಪಾರ ಶುರು. 2022ರಲ್ಲಿ ಅದೇ ಕೆಂಪು-ಬಿಳಿ-ಕಪ್ಪು ಶೂ 'ಲಾಸ್ಟ್ ಆ್ಯಂಡ್ ಫೌಂಡ್' ಎಂಬ ಹೆಸರಿನಲ್ಲಿ 180 ಡಾಲರಿಗೆ ಬಂತು. ಕಾಲರಿನ ಚರ್ಮ ಮೊದಲೇ ಬಿರುಕು ಬಿಟ್ಟಂತೆ, ಬಾಕ್ಸಿಗೆ ಬೇರೆ ಯಾವುದೋ ಬಾಕ್ಸಿನ ಮುಚ್ಚಳ ಹಾಕಿದಂತೆ ಮಾಡಿದ್ದರು. ಒಳಗೆ ಹಳೇ ಕಾಲದ ರಶೀದಿಯ ನಕಲು ಬೇರೆ. ಹೊಸ ಶೂಗೆ ಕಾರ್ಖಾನೆಯಲ್ಲೇ ವಯಸ್ಸು ಬರಿಸಿ ಮಾರುವುದಕ್ಕೆ ನಮ್ಮೂರಲ್ಲಿ ಬೇರೆ ಹೆಸರಿದೆ.

ಅಡಿಕೆ ಬೆಳೆಯುವ ಊರಿನವರು ನಾವು. ಹಳೇ ಅಡಿಕೆಗೆ ಹೊಸತಕ್ಕಿಂತ ಜಾಸ್ತಿ ರೇಟು, ಡಬ್ಬಲ್ ಚೋಲಿಗೆ ಇನ್ನೂ ಜಾಸ್ತಿ. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಅದು ನಿಜಕ್ಕೂ ಹಳೆಯದು. ಯಾರೋ ಅದನ್ನು ವರ್ಷಗಟ್ಟಲೆ ಇಟ್ಟುಕೊಂಡು, ಹುಳ ಹಿಡಿಯದ ಹಾಗೆ ನೋಡಿ, ಅಷ್ಟು ದಿನ ದುಡ್ಡು ಕಟ್ಟಿಹಾಕಿ ಕೂತಿದ್ದಾರೆ. ರೆಟ್ರೊದಲ್ಲಿ ಹಳೆಯದು ಅಂತ ಇರುವುದು ನಕ್ಷೆ ಒಂದೇ.

ಇಲ್ಲೊಂದು ಎದುರು ಮಾತು ಬರುತ್ತದೆ, ನ್ಯಾಯದ ಮಾತೇ. 1985ರ 65 ಡಾಲರ್ ಅಂದರೆ ಹಣದುಬ್ಬರ ಲೆಕ್ಕ ಹಾಕಿದರೆ ಇವತ್ತಿನ ಸುಮಾರು 190 ಡಾಲರ್. ಹಾಗಾದರೆ 180 ದುಬಾರಿ ಹೇಗಾಯಿತು? ನಾನು ಕೇಳುವುದು ಬೇರೆ. 1985ರಲ್ಲಿ ಆ ದುಡ್ಡಿಗೆ ಸಿಗುತ್ತಿದ್ದದ್ದು ಆ ಕಾಲದ ಮೇಲ್ದರ್ಜೆಯ ಆಟದ ಶೂ, ದೊಡ್ಡ ಲೀಗಿನ ಆಟಗಾರ ಅದನ್ನೇ ಹಾಕಿ ಆಡುತ್ತಿದ್ದ. ಈಗ ಸಿಗುವುದು ನಲವತ್ತು ವರ್ಷ ಹಳೇ ತಂತ್ರಜ್ಞಾನ. ಡಿಸೈನಿನ ಖರ್ಚು ಎಂದೋ ಮುಗಿದಿದೆ. ನಲವತ್ತು ವರ್ಷದ ಹಿಂದಿನ ಟಿ.ವಿ.ಯನ್ನು ಹೊಸದಾಗಿ ಮಾಡಿ ಅವತ್ತಿನ ರೇಟಿಗೇ ಕೊಡುತ್ತೇವೆ ಅಂದರೆ ತೆಗೆದುಕೊಳ್ಳುತ್ತೀರಾ? ಇನ್ನು ಇದನ್ನು ಹಾಕಿ ಬಾಸ್ಕೆಟ್‌ಬಾಲ್ ಆಡುವವರು ಎಲ್ಲಿದ್ದಾರೆ? ನಮ್ಮ ಕಾಲೇಜುಗಳ ಕಾಂಕ್ರೀಟ್ ಅಂಗಳದಲ್ಲಿ ನಿಜವಾಗಿ ಆಡುವ ಹುಡುಗರ ಕಾಲಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಯ, ಎಷ್ಟೋ ಹಗುರದ ಶೂ ಇರುತ್ತದೆ. ಜೋರ್ಡನ್ ಇರುವುದು ಗ್ಯಾಲರಿಯಲ್ಲಿ ಕೂತು ರೀಲ್ಸ್ ಮಾಡುವವರ ಕಾಲಲ್ಲಿ.

ಇದಕ್ಕಿಂತ ದೊಡ್ಡ ಆಟ ಇನ್ನೊಂದಿದೆ. 1988ರ ಏರ್ ಜೋರ್ಡನ್ 3ರ ಹಿಮ್ಮಡಿಯಲ್ಲಿ 'ನೈಕಿ ಏರ್' ಅಂತ ಇತ್ತು, ಬೆಲೆ 100 ಡಾಲರ್. ಆಮೇಲೆ ಬಂದ ರೆಟ್ರೊಗಳಲ್ಲಿ ಅದನ್ನು ತೆಗೆದು ಹಾರುವ ಮನುಷ್ಯನ ಚಿಹ್ನೆ ಹಾಕಿದರು. 2013ರಲ್ಲಿ 'ನೈಕಿ ಏರ್' ವಾಪಸ್ ಬಂತು, ಜೊತೆಗೆ 200 ಡಾಲರಿನ ಚೀಟಿಯೂ ಬಂತು. 2020ರಲ್ಲಿ ಜೋರ್ಡನ್ 1ರದ್ದೂ ಅದೇ ಕತೆ: 1985ರ ಆಕಾರಕ್ಕೆ ಹತ್ತಿರ ಇರುವ ಜೋಡಿಗೆ 200, ಮಾಮೂಲಿ ರೆಟ್ರೊಗೆ 170. ನೈಕಿಯದ್ದೇ ಆದ ಕಾನ್ವರ್ಸ್ 2013ರಲ್ಲಿ 'ಚಕ್ 70' ತಂದಿತು. ದಪ್ಪ ಕ್ಯಾನ್ವಾಸ್, ಎತ್ತರದ ರಬ್ಬರ್ ಪಟ್ಟಿ, ಎಪ್ಪತ್ತರ ದಶಕದಲ್ಲಿ ಇದ್ದ ಹಾಗೆ. ಅದಕ್ಕೆ ಮಾಮೂಲಿ ಆಲ್ ಸ್ಟಾರಿಗಿಂತ ಹೆಚ್ಚು ರೇಟು. ಅಂದರೆ ಮೊದಲು ಕ್ವಾಲಿಟಿ ಇಳಿಸುವುದು, ಆಮೇಲೆ ಇಳಿಸಿದ್ದನ್ನೇ 'ಒರಿಜಿನಲ್ ತರ' ಅಂತ ಹೆಚ್ಚಿಗೆ ದುಡ್ಡಿಗೆ ವಾಪಸ್ ಕೊಡುವುದು. ಹಾಲಿಗೆ ನೀರು ಹಾಕಿ, ನೀರು ಹಾಕದ ಹಾಲಿಗೆ ಸ್ಪೆಷಲ್ ರೇಟು ಕೇಳಿದರೆ ಡೈರಿಯವರನ್ನು ಊರಲ್ಲಿ ಇರಲು ಬಿಡುತ್ತಿದ್ದೆವಾ?

ನಮ್ಮ ಕರಾವಳಿಗೆ ಇದರಲ್ಲಿ ಇನ್ನೊಂದು ಪೆಟ್ಟು ಇದೆ. ಜೋರ್ಡನ್ 3, 4, 5, 6ರ ಅಡಿಯ ಮೆತ್ತೆ ಪಾಲಿಯುರೆಥೇನ್. ಅದು ಗಾಳಿಯ ತೇವ ಹೀರುತ್ತದೆ, ತೇವದಿಂದ ಒಳಗಿನ ಕಟ್ಟು ಬಿಚ್ಚಿಕೊಳ್ಳುತ್ತದೆ, ಒಂದು ದಿನ ಒಣ ರೊಟ್ಟಿಯ ಹಾಗೆ ಪುಡಿಯಾಗುತ್ತದೆ. ಹಾಕದೆ ಬಾಕ್ಸಿನಲ್ಲಿ ಇಟ್ಟರೂ ಬಿಡುವುದಿಲ್ಲ. 1988-89ರ ಒರಿಜಿನಲ್ ಜೋಡಿಗಳನ್ನು ಇವತ್ತು ಹಾಕಿ ನಡೆಯಲಿಕ್ಕಾಗದಿರುವುದು ಇದೇ ಕಾರಣಕ್ಕೆ. ಒಣ ಹವೆಯ ಊರಿನಲ್ಲಿ ನಾಲ್ಕು ವರ್ಷ ಹೆಚ್ಚು ಬಾಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬೆಲ್ಟು, ಪುಸ್ತಕ ಎಲ್ಲದಕ್ಕೂ ಬೂಸ್ಟು ಹಿಡಿಯುವ ಊರು ನಮ್ಮದು. ಬಿ.ಸಿ.ರೋಡಿನಲ್ಲಿ ಚಪ್ಪಲಿ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ಪಾಲಿಯುರೆಥೇನ್ ಹೆಸರು ಗೊತ್ತಿಲ್ಲ, ಕಾಯಿಲೆ ಚೆನ್ನಾಗಿ ಗೊತ್ತು: "ಅಂಟು ಬಿಟ್ಟದ್ದಾದ್ರೆ ಹೊಲಿದು ಕೊಡ್ಬಹುದು ಮಾರಾಯ್ರೆ. ಇದು ಅಡಿಯೇ ಪುಡಿ. ಸೂಜಿ ಹಾಕುದು ಎಲ್ಲಿಗೆ?"

ಜೋರ್ಡನ್ 1 ಮತ್ತು ಕಾನ್ವರ್ಸ್‌ಗೆ ರಬ್ಬರ್ ಅಡಿ, ಅವು ಈ ವಿಷಯದಲ್ಲಿ ವಾಸಿ. ಕೊಳ್ಳಲೇಬೇಕು ಅಂತಿದ್ದರೆ ಈ ವ್ಯತ್ಯಾಸ ತಿಳಿದು ಕೊಳ್ಳಿ. ಅಂಗಡಿಯಲ್ಲಿ ಇದನ್ನು ಹೇಳುವವರಿಲ್ಲ.

ಫಸ್ಟ್ ಕಾಪಿ ಕೊಂಡವನನ್ನು ಬೈಯುವುದು ಸುಲಭ. ಅದರ ಅಂಟೂ ಮಳೆಗಾಲಕ್ಕೆ ಬಿಡುತ್ತದೆ, ಅದನ್ನು ಒರಿಜಿನಲ್ ಅಂತ ಮಾರುವವ ಕಳ್ಳನೇ. ಆದರೆ ಕೊಳ್ಳುವ ಹುಡುಗ ಮೋಸ ಹೋಗಿಲ್ಲ. ಆಕಾರಕ್ಕೆ ಎರಡು ಸಾವಿರ ಕೊಟ್ಟೆ ಅಂತ ಅವನಿಗೆ ಗೊತ್ತು. ಹದಿನೈದು ಸಾವಿರ ದಾಟಿ ಕೊಟ್ಟವನಿಗೇ ತಾನು ಯಾವುದಕ್ಕೆ ಕೊಟ್ಟೆ ಅಂತ ಗೊತ್ತಿಲ್ಲದಿರುವುದು.

ಗೊತ್ತಾಗಬೇಕಾದರೆ ಮೊದಲು ಬಾಕ್ಸಿನ ಚೀಟಿ ಓದಿ. ಎಂ.ಆರ್.ಪಿ., ತಯಾರಾದ ತಿಂಗಳು-ವರ್ಷ, ಯಾವ ದೇಶದ್ದು ಎಂಬುದು ಅದರಲ್ಲಿ ಇರಲೇಬೇಕು ಅಂತ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಹೇಳುತ್ತದೆ. ಆಫರಿನಲ್ಲಿ ಸಿಗುವ ರೆಟ್ರೊದ ತಾರೀಕು ಮೂರು ವರ್ಷ ಹಿಂದಿನದಾಗಿದ್ದರೆ ಅದರ ಅಡಿ ಆಗಲೇ ಮೂರು ಮಳೆಗಾಲ ಕಂಡಿದೆ. ಬಿಲ್ ಇಟ್ಟುಕೊಳ್ಳಿ. ದೂರಿದ್ದರೆ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು ಅಷ್ಟೆ.

ಕಂಪನಿಗಳು ಮಾಡಬೇಕಾದ್ದು ಇಷ್ಟೇ. ಹತ್ತು ರೂಪಾಯಿಯ ಮಾತ್ರೆ ಶೀಟಿಗೆ ಎಕ್ಸ್‌ಪೈರಿ ತಾರೀಕು ಇದೆ. ಹದಿನೇಳು ಸಾವಿರದ ಶೂ ಎಷ್ಟು ವರ್ಷಕ್ಕೆ ಪುಡಿಯಾಗುತ್ತದೆ ಅಂತ ಮಾಡಿದವರಿಗೆ ಗೊತ್ತಿದೆ, ಅದನ್ನೂ ಬಾಕ್ಸಿನ ಮೇಲೆ ಬರೆಯಲಿ.