ಎರಡನೆಯವರ ಹಿರಿಮೆ

ತನ್ನ ಸರಕೇ ಸರ್ವಶ್ರೇಷ್ಠವೆಂದು ಸಾರುವುದು ಜಾಹೀರಾತಿನ ವಾಡಿಕೆ. 1962ರಲ್ಲಿ ಅಮೆರಿಕದ ಏವಿಸ್ ಕಂಪನಿಯು ಈ ವಾಡಿಕೆಯನ್ನು ಮುರಿಯಿತು. ಕಾರುಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರದಲ್ಲಿ ಆಗ ಅಗ್ರಸ್ಥಾನ ಹರ್ಟ್ಜ್ ಕಂಪನಿಯದು. ಏವಿಸ್ ಹಲವು ವರ್ಷಗಳಿಂದ ನಷ್ಟದಲ್ಲಿ ಮುಳುಗಿತ್ತು. ಡಾಯ್ಲ್ ಡೇನ್ ಬರ್ನ್‌ಬಾಕ್ ಜಾಹೀರಾತು ಸಂಸ್ಥೆಯ ಪೌಲಾ ಗ್ರೀನ್ ಆ ಕುಂದನ್ನೇ ಬಂಡವಾಳವಾಗಿಸಿದರು. ತಾವು ಎರಡನೆಯವರು, ಆದುದರಿಂದಲೇ ಹೆಚ್ಚು ಶ್ರಮಿಸುತ್ತೇವೆ ಎಂಬುದೇ ಅವರು ಬರೆದುದರ ತಿರುಳು. ಕೊಳಕು ಬೂದಿಬಟ್ಟಲು, ತುಂಬದ ಪೆಟ್ರೋಲ್ ಟ್ಯಾಂಕು, ತೊಳೆಯದ ಕಾರು, ಇಂತಹ ಅಲಕ್ಷ್ಯ ಹಿಂದುಳಿದವರಿಗೆ ಸಲ್ಲದೆಂದು ಜಾಹೀರಾತುಗಳು ವಿನೋದವಾಗಿ ಸಾರಿದವು.

ಒಂದೇ ವರ್ಷದಲ್ಲಿ 32 ಲಕ್ಷ ಡಾಲರುಗಳ ನಷ್ಟ ಅಳಿದು 12 ಲಕ್ಷ ಡಾಲರುಗಳ ಲಾಭ ಕಂಡಿತು. ಮೌನವಾಗಿದ್ದ ಹರ್ಟ್ಜ್, ತಾನೇಕೆ ಮೊದಲನೆಯವನೆಂದು 1966ರಲ್ಲಿ ವಿವರಿಸಬೇಕಾಯಿತು.

ಆದರೆ ಇಂತಹ ಜಾಹೀರಾತು ಇಬ್ಬಾಯಿಯ ಖಡ್ಗ. ಬೂದಿಬಟ್ಟಲಿನಲ್ಲಿ ಒಂದು ಸಿಗರೇಟಿನ ತುಂಡು ಉಳಿದರೂ ಗಿರಾಕಿಯು ಕಂಪನಿಯ ಮಾತನ್ನೇ ಕಂಪನಿಗೆ ಒಪ್ಪಿಸಬಹುದು. ಹಿರಿಯನನ್ನು ಕೆಣಕಿದ ಕಿರಿಯನು ಅಂದಿನಿಂದ ಪ್ರತಿಯೊಬ್ಬ ನೌಕರನ ದುಡಿಮೆಯಿಂದಲೇ ಆ ಮಾತನ್ನು ಉಳಿಸಿಕೊಳ್ಳಬೇಕು. ಏವಿಸ್ ಆ ಘೋಷವಾಕ್ಯವನ್ನು 2012ರವರೆಗೂ ಕೈಬಿಡಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದ ಜಾಹೀರಾತು ಗಿರಾಕಿಗೆ ಬರೆದುಕೊಟ್ಟ ಮುಚ್ಚಳಿಕೆಯೇ ಸರಿ.